ಬೇಳೆ ಬೇಯಿಸಿ ಹದಮಾಡಿದ ನೀರು

ರಂಗಂಪೇಟೆಯ ಮೌನಮ್ಮನಿಗೆ ಮೀನೆಂದರೆ ಸಾರಿಗೆ ಬೀಳುವ ವಸ್ತು. ಕೃಷ್ಣೆಯ ದಂಡೆಯಲ್ಲಿ ಬಲೆ ಹಾಕುವವರ ಮನೆಯಲ್ಲಿ ಹುಟ್ಟಿದವಳು ಬೇರೆ ಏನೆಂದುಕೊಂಡಾಳು! ಅಂಥವಳ ಪಡಸಾಲೆಗೆ ಒಂದು ಗಾಜಿನ ಹೌಜು ಬಂದು ಕೂತಿತು. ಒಳಗೆ ಹಸಿರು ನೀರುಗಿಡ, ಅದರ ಸಂದಿಯಲ್ಲಿ ಕೆಂಪು ಮೀನುಗಳು.

ಹೌಜು ಪಕ್ಕದ ಮನೆಯ ಶರೀಫಾಬೀಯದು. ನಿಜಾಮರ ಆಳ್ವಿಕೆ ಮುಗಿದ ಮೇಲೆ ಅವಳ ಗಂಡನ ಕಚೇರಿ ಕೆಲಸ ಹೋಯಿತು. ಮನೆಗೆ ಬೀಗ ಹಾಕಿ ಹೈದರಾಬಾದಿನ ಮೈದುನನ ಮನೆಗೆ ಹೊರಟಾಗ, "ಮೌನಿ, ಇವನ್ನ ಜ್ವಾಪಾನ ಮಾಡು. ನಾ ಬರ್ತೀನಿ," ಎಂದಿದ್ದಳು. ಅವಳಿನ್ನೆಲ್ಲಿ ಬರುತ್ತಾಳೆ ಎಂದು ಓಣಿಯೆಲ್ಲ ಗುಸುಗುಸು. ಮೀನು ಬದುಕಿದ್ದರೆ ಗೆಳತಿ ಬಂದೇ ಬರುತ್ತಾಳೆಂದು ಮೌನಮ್ಮ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಳು.

ಶುರುವಿನಲ್ಲೇ ಎಡವಟ್ಟಾಯಿತು. ಹೌಜಿಗೆ ತೊಗಲ ಚೀಲದಲ್ಲಿ ನೀರು ಹೊತ್ತು ತರುತ್ತಿದ್ದ ಪಖಾಲಿಯವನೂ ಊರು ಬಿಟ್ಟಿದ್ದ. ಅದು ಯಾವ ಬಾವಿಯ ನೀರೋ ಯಾರಿಗೂ ಗೊತ್ತಿಲ್ಲ. ಮೌನಮ್ಮ ತನ್ನ ಬಾವಿಯದನ್ನೇ ಸುರಿದಳು. ನೀರು ಕದಡಿತು. ಬಾವಿ ತಿಳಿಯಾಗಲೆಂದು ಸುಣ್ಣ ಹಾಕುವುದು ಊರ ರೂಢಿ. ಪುಣ್ಯಾತ್ಗಿತ್ತಿ ಹೌಜಿಗೂ ಒಂದು ಸುಣ್ಣದ ಹರಳು ಹಾಕಿಬಿಟ್ಟಳು! ನೀರೇನೋ ತಿಳಿಯಾಯಿತು. ಆದರೆ ಎಲೆಗಳ ಮೇಲೆ ಬಿಳಿ ಹಕ್ಕಳೆ ಕೂತು, ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಒಂದು ಸತ್ತೇ ಹೋಯಿತು. "ಅಯ್ಯ, ನನ್ನ ಕೈ ಸೇದಿ ಹೋಗ್ಲಿ!" ಎಂದು ಮೌನಮ್ಮ ಅತ್ತಳು.

ಸುಣ್ಣದಿಂದ ನೀರು ಗಡಸಾಗಿಯೇ ಹೀಗಾಯಿತೆಂದು ಅವಳಿಗೆ ಹೊಳೆಯಿತು. ನೀರಿನ ಗಡಸು ತಿಳಿಯಲು ಅವಳಿಗೆ ಗೊತ್ತಿದ್ದುದು ತೊಗರಿಬೇಳೆಯೊಂದೇ. ಗಡಸು ನೀರಿನಲ್ಲಿ ಬೇಳೆ ಬೇಯುವುದಿಲ್ಲ. ಒಂದೊಂದು ಬಾವಿಯ ನೀರು ತಂದು ಒಲೆಗಿಟ್ಟಳು.

"ಮೀನಿಗಿ ಬ್ಯಾಳಿ ಕುದಸಾಕತ್ತಿ, ನನಗ ಯಾವಾಗ ನೀಡ್ತಿ?" ಎಂದು ಗಂಡ ದ್ಯಾವಪ್ಪ ರೇಗಿಸಿದ.

"ನೀ ಏನ ಗಾಜಿನ್ಯಾಗ ಸಿಕ್ಕೊಂಡಿ ಏನು? ಸುಮ್ಕ ಕೂಡು!"

ಎಲ್ಲ ಬಾವಿಯೂ ಗಡಸೇ. ಸದ್ಯ, ಮಳೆ ಬಂತು. ಅಂಗಳದಲ್ಲಿ ಹಳೆಯ ಧೋತರವನ್ನು ಗೂಟಗಳಿಗೆ ಕಟ್ಟಿ, ನಡುವೆ ಕಲ್ಲಿಟ್ಟು ಜಗ್ಗಿಸಿ, ಕೆಳಗೆ ಕೊಡವಿಟ್ಟು ಮಳೆನೀರು ಹಿಡಿದಳು. ಅದರಲ್ಲಿ ಬೇಳೆ ಬೆಣ್ಣೆಯಂತೆ ಬೆಂದಿತು. ಹೌಜಿನ ನೀರನ್ನು ದಿನಾ ಚೂರು ಚೂರೇ ತೆಗೆದು ಮಳೆನೀರು ತುಂಬಿದಳು. ಬರೀ ಮಳೆನೀರೇ ಆದಾಗ ಹೊಸ ಚಿಗುರು ಬಿಳಚಿಕೊಂಡಿತು. ಗಿಡಕ್ಕೂ ನೆಲದ ಸತ್ವ ಬೇಕಲ್ಲ! ಬಾವಿ ನೀರನ್ನು ತುಸುವೇ ಬೆರೆಸಿದಳು. ಬೇಳೆ ಬೇಯಬೇಕು, ಆದರೆ ಕರಗಬಾರದು. ಅದೇ ಅವಳ ಹದ. ಗಿಡ ತಲೆಯೆತ್ತಿತು, ಮೀನು ಗುಂಡಗಾದವು.

ಮುಂದಿನ ಬೇಸಿಗೆಗೆ ಶರೀಫಾಬೀ ಬಂದಳು. ಇದ್ದಬದ್ದ ಸಾಮಾನು ಒಯ್ದು ಮನೆ ಖಾಲಿ ಮಾಡಲು ಬಂದಿದ್ದಳು. ಹೌಜಿನ ಮುಂದೆ ನಿಂತು ಒಂದೊಂದೇ ಮೀನು ಎಣಿಸಿದಳು. ಮೌನಮ್ಮ ಹೆದರಿದಳು.

"ಒಂದು ಸತ್ತದ ಅಕ್ಕಾ. ನಾನೇ ಸುಣ್ಣ ಹಾಕಿ ಕೊಂದೆ."

"ಎಲ್ಲಾ ಸತ್ತಿರ್ತಾವಂತ ತಿಳ್ಕೊಂಡು ಬಂದಿದ್ದೆ ಮೌನಿ," ಎನ್ನುತ್ತ ಶರೀಫಾಬೀ ಹೌಜಿನ ಪಕ್ಕ ನೆಲದ ಮೇಲೆ ಕೂತಳು. "ಸತ್ತಿದ್ರ ಛಲೋ ಇತ್ತು. ಇಲ್ಲಿ ನಂದೇನೂ ಉಳಿದಿಲ್ಲ ಅಂತ ತಿರುಗಿ ನೋಡದ ಹೋಗ್ತಿದ್ದೆ. ಈಗ ಹ್ಯಾಂಗ ಹೋಗ್ಲಿ ಹೇಳು?"

ಮೌನಮ್ಮನಿಗೆ ದುಃಖವೂ ಆಯಿತು, ಸಂತೋಷವೂ ಉಕ್ಕಿತು. ಗೆಳತಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ಹೋಗಬ್ಯಾಡ," ಎಂದಳು.

ಅಲ್ಲಿಯವರೆಗೆ ಆ ಓಣಿಯಲ್ಲಿ ಯಾರೂ ಶರೀಫಾಬೀಗೆ ಆ ಮಾತು ಹೇಳಿರಲಿಲ್ಲ.