ಬೆಲ್‌ಗ್ರೇಡಿನ ಮಾವನವರು

ನನಗೆ ಸರ್ಬಿಯನ್ ಭಾಷೆಯ ಒಂದಕ್ಷರವೂ ಬರುವುದಿಲ್ಲ. ಸರ್ಬಿಯಾ ದೇಶವನ್ನು ಭೂಪಟದಲ್ಲಿ ತೋರಿಸು ಎಂದರೆ ನನ್ನ ಬೆರಳು ಅಕ್ಕಪಕ್ಕದ ಎರಡು ಮೂರು ದೇಶಗಳನ್ನು ಸುತ್ತಾಡಿಯೇ ಅಲ್ಲಿಗೆ ತಲುಪೀತು. ಆದರೂ ನನ್ನ ಮನೆ ಬಿಟ್ಟರೆ ಈ ಜಗತ್ತಿನಲ್ಲಿ ನನಗೆ ಚೆನ್ನಾಗಿ ಗೊತ್ತಿರುವ ಸಂಸಾರ ಯಾವುದೆಂದು ನೀವು ಕೇಳಿದರೆ, ಅದು ಬೆಲ್‌ಗ್ರೇಡ್ ನಗರದ ಒಂದು ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿದೆ ಎನ್ನಬೇಕು. ಆ ಮನೆಯಲ್ಲಿ ಬೆಳಿಗ್ಗೆ ಬಚ್ಚಲಿಗೆ ಮೊದಲು ಯಾರು ನುಗ್ಗುತ್ತಾರೆ, ಯಾರ ಕಾಫಿಗೆ ಎಷ್ಟು ಸಕ್ಕರೆ, ಸಿಟ್ಟು ಬಂದರೆ ಬಾಗಿಲು ಬಡಿಯುವವರು ಯಾರು, ಪಾತ್ರೆ ಬಡಿಯುವವರು ಯಾರು, ಎಲ್ಲ ನನಗೆ ಗೊತ್ತು. ಅವರು ಏನು ಮಾತಾಡುತ್ತಾರೆ ಎಂಬುದೊಂದು ಗೊತ್ತಿಲ್ಲ. ಸ್ವಂತ ನೆಂಟರ ವಿಷಯದಲ್ಲಿ ನನ್ನ ತಿಳುವಳಿಕೆ ಇಷ್ಟು ಕೂಡ ಇಲ್ಲ.

ಇದೆಲ್ಲ ಆದದ್ದು ಕಾಲು ಮುರಿದದ್ದರಿಂದ. ನಾನು ಮಲೇಷ್ಯಾದ ನಿಲಾಯ್‌ನಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗೆ ಅಂಗರಚನೆಯ ಪಾಠ ಮಾಡುವವಳು. ಪಾದದ ಇಪ್ಪತ್ತಾರು ಮೂಳೆಗಳ ಹೆಸರನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಆದರೆ ಒಂದು ಸಂಜೆ ಮಳೆ ಬಂತೆಂದು, ಅಡುಗೆಮನೆಯ ಹಿಂದಿನ ಬಾಲ್ಕನಿಯಲ್ಲಿ ಒಣಹಾಕಿದ್ದ ಬಟ್ಟೆ ಎತ್ತಲು ಓಡಿದಾಗ, ಆ ಇಪ್ಪತ್ತಾರರಲ್ಲಿ ಒಂದೂ ನನ್ನ ಮಾತು ಕೇಳಲಿಲ್ಲ. ಜಾರಿದೆ. ಇಪ್ಪತ್ತಾರಕ್ಕೂ ಏನೂ ಆಗದೆ ಅವುಗಳ ಮೇಲಿನ ಕಣಕಾಲು ಮುರಿಯಿತು. ಬಿದ್ದ ಕ್ಷಣ ನೋವಿಗಿಂತ ಮೊದಲು ಮುರಿದ ಮೂಳೆಯ ಲ್ಯಾಟಿನ್ ಹೆಸರು ನೆನಪಾಯಿತು. ವಿದ್ಯೆ ಕೈಕೊಡಲಿಲ್ಲ ಎಂದು ಸಮಾಧಾನಪಟ್ಟುಕೊಂಡು ಆಮೇಲೆ ಕಿರುಚಿದೆ.

ಆರು ವಾರ ಪ್ಲಾಸ್ಟರು. ನನ್ನ ಗಂಡ ರವೀಂದ್ರ ಬೆಳಿಗ್ಗೆ ಏಳಕ್ಕೆಲ್ಲ ಕಾರು ಹತ್ತಿ ಸೈಬರ್‌ಜಯಾದ ಆಫೀಸಿಗೆ ಹೋಗುತ್ತಾರೆ. ಮಗಳು ಸಿಂಚನಾಗೆ ಹದಿನಾಲ್ಕು. ಅವಳ ಶಾಲೆಯ ವ್ಯಾನು ಅವಳನ್ನು ಮರಳಿ ತಂದು ಬಿಡುವುದು ಮೂರು ಗಂಟೆಗೆ. ಅಲ್ಲಿಯವರೆಗೆ ಏಳನೆಯ ಮಹಡಿಯ ಫ್ಲ್ಯಾಟಿನಲ್ಲಿ ನಾನು, ಸೋಫಾ, ಮತ್ತು ದಿಂಬಿನ ಮೇಲೆ ದೇವರ ಹಾಗೆ ಕೂತ ನನ್ನ ಬಲಗಾಲು.

ಎದುರು ಫ್ಲ್ಯಾಟಿನ ಮಿರ್ಯಾನಾ ಮರುದಿನವೇ ಬಂದಳು. ಆಕೆ ಸರ್ಬಿಯಾದವಳು, ಸಿಂಚನಾಳ ಶಾಲೆಯಲ್ಲಿ ಸಂಗೀತದ ಟೀಚರು. ಮಲೇಷ್ಯಾಕ್ಕೆ ಬಂದು ಏಳು ವರ್ಷವಾದದ್ದರಿಂದ ಅವಳ ಇಂಗ್ಲಿಷಿನ ಕೊನೆಗೆಲ್ಲ ಒಂದೊಂದು ‘ಲಾ’ ಅಂಟಿಕೊಂಡಿರುತ್ತದೆ. ಒಂದು ಕೈಯಲ್ಲಿ ಪ್ಲಮ್ ಹಣ್ಣಿನ ಕಡುಬು, ಇನ್ನೊಂದು ಕೈಯಲ್ಲಿ ಪೆನ್‌ಡ್ರೈವು ಹಿಡಿದು ನಿಂತು ಹೇಳಿದಳು, “ನಮ್ಮ ದೇಶದಲ್ಲಿ ಯಾರಿಗೆ ಕಾಯಿಲೆಯಾದರೂ ಇದನ್ನು ತೋರಿಸುತ್ತೇವೆ. ಮೂರು ದಿನ ನೋಡು ಲಾ, ಮೂಳೆ ತಾನೇ ಕೂಡಿಕೊಳ್ಳುತ್ತದೆ.”

ಅದು ಅವರ ಟೀವಿಯ ಒಂದು ಹಳೆಯ ಹಾಸ್ಯ ಧಾರಾವಾಹಿ. ಎರಡು ಕೋಣೆ, ಒಂದು ಅಡುಗೆಮನೆ, ಒಂದು ಪುಟ್ಟ ಬಾಲ್ಕನಿ ಇರುವ ಮನೆ. ಅದರಲ್ಲಿ ಒಬ್ಬ ಮುಂಗೋಪಿ ಅಜ್ಜ, ಅವನ ಮಗ, ಸೊಸೆ, ಮೊಮ್ಮಗಳು, ಜೊತೆಗೆ ಎರಡು ದಿನಕ್ಕೆಂದು ಸೂಟ್‌ಕೇಸು ಹಿಡಿದು ಬಂದು ಅಲ್ಲೇ ಉಳಿದುಬಿಟ್ಟ ಸೊಸೆಯ ತಮ್ಮ. ಆ ಸೂಟ್‌ಕೇಸು ನಡುಮನೆಯಲ್ಲೇ ಇದೆ. ಎಲ್ಲರೂ ಅದನ್ನು ಎಡವುತ್ತಾರೆ, ಯಾರೂ ಎತ್ತಿಡುವುದಿಲ್ಲ.

ಮೊದಲ ಮೂರು ದಿನ ಸಂಜೆ ಹೊತ್ತು ಮಿರ್ಯಾನಾ ಪಕ್ಕದಲ್ಲಿ ಕೂತು ಅನುವಾದ ಮಾಡಿದಳು. ಅವಳ ತೊಂದರೆಯೆಂದರೆ ಅವಳಿಗೆ ಮೊದಲು ನಗು ಬರುತ್ತಿತ್ತು. ಕಣ್ಣೊರೆಸಿಕೊಂಡು, ನೀರು ಕುಡಿದು, ಅರ್ಥ ಹೇಳುವಷ್ಟರಲ್ಲಿ ತೆರೆಯ ಮೇಲೆ ಬೇರೆ ಎರಡು ಜಗಳ ಮುಗಿದು ಮೂರನೆಯದು ಶುರುವಾಗಿರುತ್ತಿತ್ತು. ಹಾಗಾಗಿ ಅಜ್ಜ ಅಳುವಾಗ ನಾನು ನಗುತ್ತಿದ್ದೆ. ನಾಲ್ಕನೆಯ ದಿನದಿಂದ ಶಾಲೆಯಲ್ಲಿ ಪರೀಕ್ಷೆ ಶುರುವಾಗಿ ಅವಳು ಬರುವುದು ನಿಂತಿತು. ಪೆನ್‌ಡ್ರೈವು ನನ್ನಲ್ಲೇ ಉಳಿಯಿತು. ಅದರಲ್ಲಿ ಅಡಿಬರಹ ಕೂಡ ಇರಲಿಲ್ಲ.

ನಿಲಾಯ್‌ನ ಮಧ್ಯಾಹ್ನ ಹೇಗಿರುತ್ತದೆಂದರೆ, ಗಾಳಿ ನಿಂತು, ದೂರದ ತಾಳೆಯೆಣ್ಣೆ ತೋಟಗಳ ಮೇಲೆ ಬಿಸಿಲು ಹಾಲಿನ ಕೆನೆಯಂತೆ ಕಟ್ಟಿಕೊಂಡಿರುತ್ತದೆ. ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನಗಳು ಸದ್ದಿಲ್ಲದೆ ಕಿಟಕಿಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಜಾರಿಹೋಗುತ್ತವೆ. ನೋವಿನ ಮಾತ್ರೆಯ ಮಂಪರಿನಲ್ಲಿ ಕಣ್ಣು ಮುಚ್ಚಿದರೆ ಬೆಲ್‌ಗ್ರೇಡಿನಲ್ಲಿ ಹಿಮ ಬೀಳುತ್ತಿತ್ತು, ತೆರೆದರೆ ನಮ್ಮ ನಾಲ್ಕು ಗಂಟೆಯ ಗುಡುಗು. ಆ ಮನೆಯವರು ಚಳಿಗಾಲಕ್ಕೆಂದು ಕೆಂಪು ದೊಣ್ಣೆಮೆಣಸುಗಳನ್ನು ಸುಟ್ಟು, ಸಿಪ್ಪೆ ಸುಲಿದು, ಅರೆದು ಬಾಟಲಿಗೆ ತುಂಬುವುದನ್ನು ನೋಡುತ್ತ ನಿದ್ದೆಹೋದರೆ, ಕನಸಿನಲ್ಲಿ ನನ್ನ ಅಮ್ಮ ಉಡುಪಿಯ ಮನೆಯ ಜಗಲಿಯಲ್ಲಿ ಆ ಸೊಸೆಯ ಜೊತೆ ಕೂತು ಮಾವಿನ ಮಿಡಿಯ ತೊಟ್ಟು ಮುರಿಯುತ್ತಿದ್ದಳು. ಇಬ್ಬರೂ ಯಾವುದೋ ಒಂದು ಭಾಷೆಯಲ್ಲಿ ಯಾರನ್ನೋ ದೂರುತ್ತಿದ್ದರು. ಎಚ್ಚರವಾದಾಗ ಆ ಭಾಷೆ ಯಾವುದೆಂದು ನೆನಪಾಗುತ್ತಿರಲಿಲ್ಲ, ದೂರು ಮಾತ್ರ ಪೂರ್ತಿ ನೆನಪಿರುತ್ತಿತ್ತು.

ಆ ಧಾರಾವಾಹಿ ನನ್ನನ್ನು ಯಾಕೆ ಹಿಡಿದು ಕೂರಿಸಿತು ಎಂದು ಕಾಲು ನೋಡುತ್ತ ಬಹಳ ಯೋಚಿಸಿದ್ದೇನೆ. ಅಲ್ಲಿ ಯಾರಿಗೂ ತನ್ನದೆಂಬ ಕೋಣೆಯಿಲ್ಲ. ಮುನಿಸಿಕೊಂಡವರಿಗೆ ಹೋಗಲು ಜಾಗವಿಲ್ಲ. ಅಜ್ಜ ಸಿಟ್ಟಾದರೆ ಹೆಚ್ಚೆಂದರೆ ಬಾಲ್ಕನಿಗೆ ಹೋಗುತ್ತಾನೆ. ಅಲ್ಲೂ ಗಾಜಿನ ಬಾಗಿಲಾಚೆ ಎಲ್ಲರಿಗೂ ಕಾಣುತ್ತಾನೆ. ನಮ್ಮ ಮನೆಯಲ್ಲಿ ಮೂವರು ಮನುಷ್ಯರಿಗೆ ಗಟ್ಟಿ ಮರದ ಮೂರು ಬಾಗಿಲು. ಹದಿಮೂರು ತುಂಬಿದ ಮೇಲೆ ಸಿಂಚನಾಳ ಬಾಗಿಲು ಮುಚ್ಚಿಯೇ ಇರುತ್ತಿತ್ತು. ಶಾಲೆ ಹೇಗಾಯಿತು ಎಂದರೆ “ಫೈನ್”. ಊಟಕ್ಕೆ ಬಾ ಎಂದರೆ “ಲೇಟರ್, ಅಮ್ಮಾ”. ನಾವು ಹೇಳುವ ಕನ್ನಡವೆಲ್ಲ ಅವಳಿಗೆ ಅರ್ಥವಾಗುತ್ತದೆ. ಬರುವ ಉತ್ತರ ಮಾತ್ರ ಇಂಗ್ಲಿಷು, ಅದೂ ಒಂದೇ ಪದ. ನಾನು ಇದನ್ನು ಭಾಷೆಯ ಕಾಯಿಲೆ ಎಂದು ನಿರ್ಣಯಿಸಿದ್ದೆ. ಇಲ್ಲೇ ಹುಟ್ಟಿ ಬೆಳೆದ ಮಗು, ಕನ್ನಡ ಬಾಯಿಗೆ ಬರುವುದಿಲ್ಲ, ಅದಕ್ಕೇ ಮಾತಿಲ್ಲ ಎಂದು. ವೈದ್ಯಕೀಯ ಕಾಲೇಜಿನಲ್ಲಿ ಇರುವವರಿಗೆ ರೋಗನಿರ್ಣಯದ ಚಟ ಇರುತ್ತದೆ.

ಎರಡನೆಯ ವಾರದಲ್ಲಿ ಒಂದು ದಿನ ಅವಳು ಬಾಗಿಲು ತೆರೆದು ಒಳಗೆ ಬಂದಾಗ ನಾನು ಟೀವಿಯ ಎದುರು ಗಟ್ಟಿಯಾಗಿ ಮಾತಾಡುತ್ತಿದ್ದೆ.

“ಅಮ್ಮಾ, ಹೂ ಆರ್ ಯು ಟಾಕಿಂಗ್ ಟು?” ಎಂದಳು, ಚೀಲ ಇಳಿಸದೆ.

“ಇವರು ಎಂತ ಹೇಳ್ತಿದ್ದಾರೆ ಅಂತ ನಾನೇ ಹೇಳಿಕೊಳ್ತಾ ಇದ್ದೇನೆ.”

“ಬಟ್ ಯು ಡೋಂಟ್ ನೋ ಸರ್ಬಿಯನ್.”

“ಅದಕ್ಕೇ ಜೋರಾಗಿ ಹೇಳುದು.”

ಇದು ನನ್ನ ಸ್ವಂತ ಆವಿಷ್ಕಾರವಲ್ಲ, ಪಿತ್ರಾರ್ಜಿತ. ನನ್ನ ಅಪ್ಪ ಬ್ಯಾಂಕಿನಲ್ಲಿದ್ದವರು, ರಜೆ ಬಂದರೆ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದರು. ಭಾಗವತರು ಎರಡು ಸಾಲು ಪದ ಹಾಡಿದರೆ ಸಾಕು, ಅಪ್ಪ ಅದಕ್ಕೆ ಅರ್ಧ ಗಂಟೆ ಅರ್ಥ ಹೇಳುತ್ತಿದ್ದರು. ಪದದಲ್ಲಿ ಇದ್ದದ್ದು, ಇಲ್ಲದ್ದು, ಇರಬಹುದಾಗಿದ್ದದ್ದು ಎಲ್ಲ ಅದರಲ್ಲಿ ಬರುತ್ತಿತ್ತು. ವೇಷವಿಲ್ಲ, ಕುಣಿತವಿಲ್ಲ, ಚಾಪೆಯ ಮೇಲೆ ಕೂತು ಮಾತಿನಲ್ಲೇ ಸಾಮ್ರಾಜ್ಯ ಕಟ್ಟಿ ಕೆಡವುವ ಕಲೆ ಅದು. ಅಪ್ಪನ ಮಗಳಾದ ನನಗೆ ಅರ್ಥ ಗೊತ್ತಿಲ್ಲ ಎಂಬುದು ಅರ್ಥ ಹೇಳಲು ಅಡ್ಡಿ ಎನಿಸಲಿಲ್ಲ.

ಸಿಂಚನಾ ನಿಂತೇ ಸ್ವಲ್ಪ ಹೊತ್ತು ನೋಡಿದಳು. ತೆರೆಯ ಮೇಲೆ ಅಜ್ಜ ಮಗನ ಮೇಲೆ ಹರಿಹಾಯುತ್ತಿದ್ದ. ತನ್ನ ಕುರ್ಚಿಯಲ್ಲಿ ಯಾರೋ ಕೂತರೆಂದು ಅವನಿಗೆ ಸಿಟ್ಟು ಎಂದು ನಾನು ಅರ್ಥ ಹೇಳುತ್ತಿದ್ದೆ.

“ನೋ ಅಮ್ಮಾ. ಲುಕ್ ಅಟ್ ಹಿಸ್ ಹ್ಯಾಂಡ್ಸ್. ಹಿ ಈಸ್ ಸ್ಕೇರ್ಡ್.”

ನೋಡಿದೆ. ಹೌದು, ಎರಡು ಕೈಯೂ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದವು. ಮಗ ಅವನನ್ನು ಎಲ್ಲಿಗೋ ಹೊರಡಿಸಲು ಅವನ ಕೋಟು ಹಿಡಿದು ನಿಂತಿದ್ದ. “ಹಾಗಾದ್ರೆ ನೀನೇ ಹೇಳು, ಅಜ್ಜ ಎಂತ ಹೇಳ್ತಾರೆ?” ಎಂದೆ.

ಅವಳು ಸೋಫಾದ ಕೈಯ ಮೇಲೆ ಕೂತಳು. ಇಂಗ್ಲಿಷಿನಲ್ಲಿ ಒಂದು ಸಾಲು ಶುರುಮಾಡಿ, ಸರಿಹೋಗಲಿಲ್ಲವೆಂಬಂತೆ ನಿಲ್ಲಿಸಿದಳು. ಆಮೇಲೆ ಗಂಟಲು ಒರಟು ಮಾಡಿಕೊಂಡು, “ನಾನು ಆಸ್ಪತ್ರೆಗೆ ಬರುದಿಲ್ಲ ಮಾರಾಯ. ನನಗೆ ಎಂತ ಆಗಿದೆ? ನಿನ್ನ ತಲೆ ಸರಿ ಉಂಟಾ ನೋಡಿಸು ಮೊದಲು” ಎಂದಳು.

ಅದು ನನ್ನ ಅಪ್ಪನ ಮಾತು, ಅಪ್ಪನ ರಾಗ. ಅವರು ತೀರಿಕೊಂಡು ಮೂರು ವರ್ಷವಾಗಿತ್ತು. ರಜೆಗೆ ಹೋದಾಗ ಅವರ ಪಕ್ಕದಲ್ಲಿ ಕಿವಿಗೆ ತಂತಿ ಸಿಕ್ಕಿಸಿಕೊಂಡು ಕೂತಿರುತ್ತಿದ್ದ ಈ ಹುಡುಗಿ ಇದನ್ನೆಲ್ಲ ಯಾವಾಗ ಕೇಳಿಸಿಕೊಂಡಳು?

ಅಂದಿನಿಂದ ಮೂರು ಗಂಟೆಗೆ ನಮ್ಮ ಕೂಟ. ಅವಳದ್ದು ಅಜ್ಜನ ಪಾತ್ರ, ಅದನ್ನು ಬಿಟ್ಟುಕೊಡಲು ತಯಾರಿಲ್ಲ. ಸೊಸೆ, ಸೊಸೆಯ ತಮ್ಮ, ಮೊಮ್ಮಗಳು ನನ್ನವರು. ಅವಳು ನನ್ನನ್ನು ‘ಏ ಸೊಸೆ’ ಎಂದು ಕರೆಯುತ್ತಿದ್ದಳು, ನಾನು ಅವಳನ್ನು ‘ಮಾವ’ ಎನ್ನುತ್ತಿದ್ದೆ. ಶನಿವಾರ ರವೀಂದ್ರರಿಗೂ ಮಗನ ಪಾತ್ರ ಕೊಟ್ಟೆವು. ಅವರು ಮೈಸೂರಿನವರು. ಉಡುಪಿಯ ಅಪ್ಪನಿಗೆ ಹುಟ್ಟಿದ ಬೆಲ್‌ಗ್ರೇಡಿನ ಮಗ “ಏನಪ್ಪಾಜಿ ಇದು, ಸುಮ್ನೆ ಯಾಕೆ ಕೋಪ ಮಾಡ್ಕೋತೀರಾ” ಎಂದಾಗ ಸಿಂಚನಾ ನಗು ತಡೆಯಲಾರದೆ ಕೆಳಗೆ ಜಾರಿ ಕೂತಳು. ಅವಳು ಹಾಗೆ ನಕ್ಕದ್ದನ್ನು ನೋಡಿ ಎಷ್ಟು ದಿನವಾಗಿತ್ತೆಂದು ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ನಾಲ್ಕನೆಯ ವಾರದಲ್ಲಿ ಒಂದು ಕಂತು ಬಂತು. ಅಜ್ಜ ಬಾಲ್ಕನಿಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಾನೆ. ಸೊಸೆ ಒಳಗಿನಿಂದ ಗಾಜು ತಟ್ಟುತ್ತಿದ್ದಾಳೆ. ನಾನು ಶುರುಮಾಡಿದೆ. “ಮಾವಾ, ಎಂತ ಆಯ್ತು? ಬಾಗಿಲು ತೆಗೀರಿ.”

“ತೆಗೆಯುದಿಲ್ಲ. ನೀನು ಕೇಳುದೇ ಇಲ್ಲ.”

“ಕೇಳ್ತೇನಲ್ಲ ಮಾವಾ.”

“ಇಲ್ಲ. ನಾನು ಎಂತ ಹೇಳಿದ್ರೂ ಆಯ್ತು ಆಯ್ತು ಅಂತ ಹೇಳಿ ಫೋನ್ ನೋಡ್ತೀಯ. ನಿನ್ನ ಕಾಲೇಜಿನ ಮಕ್ಕಳಿಗೆ ಹತ್ತು ಸಲ ಬೇಕಾದ್ರೂ ಎಕ್ಸ್‌ಪ್ಲೇನ್ ಮಾಡ್ತೀಯ.”

ಬೆಲ್‌ಗ್ರೇಡಿನ ಸೊಸೆಗೆ ಯಾವ ಕಾಲೇಜೂ ಇರಲಿಲ್ಲ. ಸಿಂಚನಾ ನನ್ನ ಕಡೆ ನೋಡುತ್ತಿರಲಿಲ್ಲ, ತೆರೆಯನ್ನೇ ನೋಡುತ್ತಿದ್ದಳು. ಅಲ್ಲಿ ಸೊಸೆ ಗಾಜು ತಟ್ಟುವುದನ್ನು ನಿಲ್ಲಿಸಿ ತಟ್ಟೆ ಒರೆಸುತ್ತ ನಿಂತಿದ್ದಳು. ನನ್ನ ಸರದಿ. ಅಪ್ಪನಂಥ ಅರ್ಥಧಾರಿಯೂ ಅಲ್ಲಿ ತಡವರಿಸುತ್ತಿದ್ದರೇನೋ. “ತಪ್ಪಾಯ್ತು ಮಾವಾ,” ಎಂದೆ. “ಈಗ ಕಾಲು ಮುರಿದು ಕೂತಿದ್ದೇನೆ. ಎಲ್ಲಿಗೂ ಹೋಗುವ ಹಾಗಿಲ್ಲ. ಹೇಳಿ.”

ಅವಳು ರಿಮೋಟು ತೆಗೆದುಕೊಂಡು ಟೀವಿಯ ಸದ್ದು ಆರಿಸಿದಳು. ಆಮೇಲೆ ತನ್ನ ದನಿಯಲ್ಲಿ, ಇಂಗ್ಲಿಷಿನಲ್ಲಿ, ಬಹಳ ಹೊತ್ತು ಹೇಳಿದಳು. ಅವಳ ಒಬ್ಬಳೇ ಗೆಳತಿ ಮೇ ಲಿನ್ ಎರಡು ತಿಂಗಳ ಹಿಂದೆ ಶಾಲೆ ಬಿಟ್ಟು ಪೆನಾಂಗಿಗೆ ಹೋಗಿದ್ದಳಂತೆ. ಅಂದಿನಿಂದ ಇವಳು ಮಧ್ಯಾಹ್ನದ ಬಿಡುವಿನಲ್ಲಿ ಒಬ್ಬಳೇ ಲೈಬ್ರರಿಯ ಮೆಟ್ಟಿಲ ಮೇಲೆ ಕೂತು ಡಬ್ಬಿ ತಿನ್ನುತ್ತಿದ್ದಳು. ಒಮ್ಮೆ ನನಗೆ ಹೇಳಿದ್ದಳಂತೆ. ನಾನು “ಆಯ್ತು, ಬೇರೆ ಫ್ರೆಂಡ್ಸ್ ಸಿಗ್ತಾರೆ” ಎಂದು ಉತ್ತರಪತ್ರಿಕೆ ತಿದ್ದಲು ಹೋಗಿದ್ದೆನಂತೆ. ನನಗದು ನೆನಪೇ ಇರಲಿಲ್ಲ. ಅವಳು ಹೇಳುವಾಗ ನಾನು ಒಂದು ಸಲಹೆಯನ್ನೂ ಕೊಡಲಿಲ್ಲ. ಕೊಡಬೇಕೆಂದು ನಾಲಿಗೆ ತುರಿಸಿದ್ದು ನಿಜ. ಅವಳ ತಲೆ ಮೆಲ್ಲಗೆ ನನ್ನ ಭುಜಕ್ಕೆ ಬಂತು. ಹೊರಗೆ ನಾಲ್ಕು ಗಂಟೆಯ ಮಳೆ ಶುರುವಾಯಿತು. ಅವಳ ಕಾಯಿಲೆ ಭಾಷೆಯದ್ದಲ್ಲ, ನನ್ನ ಕಿವಿಯದ್ದು ಎಂದು ಆ ಹೊತ್ತಿಗೆ ಗೊತ್ತಾಯಿತು. ಕಿವಿಯ ಮೂರು ಪುಟ್ಟ ಮೂಳೆಗಳ ಬಗ್ಗೆ ನಾನು ಪ್ರತಿವರ್ಷ ಒಂದು ಗಂಟೆ ಪಾಠ ಮಾಡುತ್ತೇನೆ.

ಪ್ಲಾಸ್ಟರು ಬಿಚ್ಚಿದ ದಿನ ಸಂಜೆ ಮಿರ್ಯಾನಾ ಬಂದಳು. ನಾವು ತಪ್ಪೊಪ್ಪಿಕೊಂಡೆವು. ನಿಮ್ಮ ಧಾರಾವಾಹಿಯ ಮಾತುಗಳನ್ನೆಲ್ಲ ನಾವೇ ಕಟ್ಟಿಕೊಂಡಿದ್ದೇವೆ ಎಂದೆವು. ಅವಳು ಬಾಲ್ಕನಿಯ ಕಂತು ಹಾಕಿಸಿ ನಮ್ಮ ಅರ್ಥವನ್ನು ಇಂಗ್ಲಿಷಿನಲ್ಲಿ ಕೇಳಿಸಿಕೊಂಡಳು. ಕಾಲೇಜಿನ ಮಕ್ಕಳ ಮಾತನ್ನು ನಾವು ಬಿಟ್ಟೆವು.

“ನಿಜವಾಗಿ ಅಲ್ಲಿ ಏನಾಗುತ್ತೆ?” ಎಂದು ಸಿಂಚನಾ ಇಂಗ್ಲಿಷಿನಲ್ಲಿ ಕೇಳಿದಳು.

“ಅಜ್ಜನ ಹಲ್ಲುಸೆಟ್ಟು ಕಳೆದುಹೋಗಿದೆ. ಬಾಯಿ ತೆರೆಯಲು ನಾಚಿಕೆ ಲಾ. ಅದಕ್ಕೆ ಹೊರಗೆ ನಿಂತು ಪಾರಿವಾಳಗಳನ್ನು ಬಯ್ಯುತ್ತಾನೆ.”

ಸಿಂಚನಾಗೂ ನನಗೂ ಸ್ವಲ್ಪ ಮುಖಭಂಗವಾಯಿತು. ಇಷ್ಟು ಸಣ್ಣ ಕಥೆಯನ್ನು ಇಡೀ ದೇಶ ಯಾಕೆ ಮತ್ತೆ ಮತ್ತೆ ನೋಡುತ್ತದೆ ಎಂದು ನಾನು ಕೇಳಿದೆ. ಮಿರ್ಯಾನಾ ಯೋಚಿಸಿದಳು. ಅವಳ ಗಂಡನಿಗೆ ವಿಮಾನ ನಿಲ್ದಾಣದಲ್ಲಿ ಪಾಳಿಯ ಕೆಲಸ, ಮಗ ಜರ್ಮನಿಯಲ್ಲಿ.

“ಕಥೆಯನ್ನು ನಾನು ಕೇಳಿಸಿಕೊಳ್ಳುವುದೇ ಇಲ್ಲ,” ಎಂದಳು. “ಅಡುಗೆ ಮಾಡುವಾಗ ಹಾಕಿಟ್ಟಿರುತ್ತೇನೆ. ಆಗಾಗ ಇಣುಕಿ, ಎಲ್ಲರೂ ಮನೆಯಲ್ಲಿದ್ದಾರಾ ಅಂತ ನೋಡ್ತೇನೆ. ಅಷ್ಟೇ.”

ಹಲ್ಲು ಸಿಕ್ಕಿತೋ ಇಲ್ಲವೋ ನೋಡೋಣವೆಂದು ಅವಳೇ ಮುಂದಿನ ಕಂತು ಹಾಕಿದಳು. ಮೂವರು ಹೆಂಗಸರು, ಬಡಕಲಾಗಿ ಹೊರಬಂದಿದ್ದ ನನ್ನ ಬಲಗಾಲು, ಅದರ ದಿಂಬು, ಇಷ್ಟರಿಂದಲೇ ಸೋಫಾ ತುಂಬಿಹೋಯಿತು. ಅಷ್ಟರಲ್ಲಿ ರವೀಂದ್ರ ಕೆಳಗಿನ ಮಾಮಾಕ್ ಹೋಟೆಲಿನಿಂದ ರೋಟಿ ಚನಾಯ್ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿಕೊಂಡು ಬಂದರು. ಸಾರು ತುಂಬಿದ ಪ್ಲಾಸ್ಟಿಕ್ ಚೀಲಗಳನ್ನು ಬೆರಳಿಗೆ ತೂಗುಹಾಕಿಕೊಂಡು, ಎಲ್ಲಿ ಕೂರುವುದೆಂದು ತಿಳಿಯದೆ, ತಮ್ಮದೇ ಮನೆಯ ನಡುವೆ ನೆಂಟರ ಹಾಗೆ ನಿಂತರು.

ಸಿಂಚನಾ ತೆರೆಯಿಂದ ಕಣ್ಣು ತೆಗೆಯದೆ ನನ್ನ ಕಡೆಗೆ ಒತ್ತಿ ಸರಿದಳು. ಗಂಟಲು ಒರಟು ಮಾಡಲಿಲ್ಲ, ಯಾವ ಅಜ್ಜನ ದನಿಯೂ ಇರಲಿಲ್ಲ. “ಪಪ್ಪಾ, ಇಲ್ಲಿ ಜಾಗ ಉಂಟು,” ಎಂದಳು.

ನೀನೀಗ ಕನ್ನಡದಲ್ಲಿ ಮಾತಾಡಿದೆ ನೋಡು ಎಂಬ ಮಾತು ನನ್ನ ಬಾಯಿಯ ತುದಿಗೆ ಬಂದಿತ್ತು. ಪಾಠ ಮಾಡುವವರ ದುರಭ್ಯಾಸ. ನಾನು ಅದನ್ನು ನುಂಗಿಕೊಂಡು, ರವೀಂದ್ರರ ಕೈಯಿಂದ ಸಾರಿನ ಚೀಲ ತೆಗೆದುಕೊಂಡೆ.