ನೆಲಮಾಳಿಗೆಯ ನೀರು ಮತ್ತು ಪಕ್ಕದ ಮನೆಯಾಕೆ

ಮೊಮ್ಮಕ್ಕಳೇ, ಕ್ಯೋಟೋದಲ್ಲಿ ನಿಮ್ಮಮ್ಮ ಓದುತ್ತಿದ್ದಾಗ ನಾವಿದ್ದದ್ದು ಗೋಡೆಗೆ ಗೋಡೆ ಅಂಟಿದ ಹಳೆಯ ಸಾಲುಮನೆಯಲ್ಲಿ. ಎರಡು ಸಾವಿರದ ಇಸವಿ ಹುಟ್ಟಿದೊಡನೆ ಕಂಪ್ಯೂಟರುಗಳೆಲ್ಲ ಕೆಡುತ್ತವೆ ಎಂದು ಎಲ್ಲರೂ ಹೆದರಿಸುತ್ತಿದ್ದ ಕಾಲ. ಅವಳು ನಾಲ್ಕು ವರ್ಷದ ಸಂಶೋಧನೆಯನ್ನು ಕಾಗದಕ್ಕೆ ಇಳಿಸಿ, ಪೆಟ್ಟಿಗೆಗಳಲ್ಲಿ ತುಂಬಿ ನೆಲಮಾಳಿಗೆಯಲ್ಲಿ ಇಟ್ಟಿದ್ದಳು. ಜೂನಿನ ಮಳೆ ಹಿಡಿದಾಗ ಅಲ್ಲಿ ನೀರು ಜಿನುಗತೊಡಗಿತು.

ನನಗೆ ಪಕ್ಕದ ಮನೆಯ ಮುದುಕಿಯ ಮೇಲೆ ಅನುಮಾನ. ಮಳೆ ಬಂದಾಗಲೆಲ್ಲ ಆಕೆ ಕೊಡೆ ಹಿಡಿದು ನಮ್ಮ ಬಾಗಿಲ ಚರಂಡಿಯ ಬಳಿ ಕುಕ್ಕರಗಾಲಲ್ಲಿ ಕೂತು, ಕಡ್ಡಿಯಿಂದ ಏನೋ ತುರುಕುತ್ತಿದ್ದಳು.

“ಅಮ್ಮಾ, ಇಲ್ಲಿಯವರು ಹಾಗೆಲ್ಲ ಮಾಡಲ್ಲ,” ಎಂದಳು ನಿಮ್ಮಮ್ಮ.

“ಹೂಂ, ನಗ್ತಾ ನಗ್ತಾನೇ ನೀರನ್ನ ನಮ್ಮ ಕಡೆ ತಿರುಗಿಸ್ತಾಳೆ. ನೀನು ಪುಸ್ತಕ ಓದಿದೀಯ, ನಾನು ಗದ್ದೆ ನೀರಿನ ಜಗಳ ನೋಡಿದೀನಿ ಕಣೇ!”

ಒಂದು ಮಧ್ಯಾಹ್ನ ಸಂಕೋಚ ಬಿಟ್ಟು ಹೊರಗೆ ಹೋಗಿ ಆಕೆಯ ಎದುರು ನಿಂತೆ. ಆಕೆ ಬೆಚ್ಚಿ ಎದ್ದಳು. ಕಡ್ಡಿಯ ತುದಿಯಲ್ಲಿ ಬಿಳಿ ಕೆಸರಿತ್ತು. ದಿನಾ ಬೆಳಿಗ್ಗೆ ಹೊಸಲ ಮುಂದೆ ನಾನು ಹಾಕಿ, ಮರುದಿನ ನೀರು ಹೊಯ್ದು ತೊಳೆಯುತ್ತಿದ್ದ ರಂಗೋಲಿಯ ಪುಡಿ ಅದು. ಚರಂಡಿಯ ಬಾಯಿಗೆ ಕಟ್ಟಿಕೊಂಡು ಮಳೆನೀರನ್ನು ನಮ್ಮ ಗೋಡೆಗೇ ನುಗ್ಗಿಸಿತ್ತು. ಆಕೆ ಅಷ್ಟು ದಿನವೂ ಅದನ್ನು ಕೆದಕಿ ತೆಗೆಯುತ್ತಿದ್ದಳು.

ಕಡ್ಡಿ ಇಸಿದುಕೊಂಡು ಉಳಿದದ್ದನ್ನು ನಾನೇ ಬಿಡಿಸಿದೆ. ನೀರು ಸರಾಗವಾಗಿ ಹರಿದುಹೋಯಿತು. ಕೆಳಗೆ ಒಂದು ಪೆಟ್ಟಿಗೆ ಮಾತ್ರ ಒದ್ದೆಯಾಗಿತ್ತು. ಹಾಳೆಗಳನ್ನು ಹಗ್ಗದ ಮೇಲೆ ಹರವಿ ಒಣಗಿಸಿದೆವು. ಕಾರಣವನ್ನು ನಿಮ್ಮಮ್ಮನಿಗೆ ನಾನು ಹೇಳಲಿಲ್ಲ. ಪಕ್ಕದ ಮನೆಯಾಕೆ ಹೇಳಿಬಿಟ್ಟಿದ್ದಾಳೋ ಏನೋ ಎಂದು, ಅವರಿಬ್ಬರೂ ನಿಂತು ಮಾತನಾಡಿದಾಗಲೆಲ್ಲ ಕಿಟಕಿಯಿಂದ ಇಣುಕಿ ನೋಡುತ್ತಿದ್ದೆ.