ಗುರುವಿನ ಪಕ್ಕದ ಮೂರು ಚುಕ್ಕೆ

ನನ್ನ ಗಂಡನಿಗೆ ಪಾರ್ಶ್ವವಾಯು ಹೊಡೆದ ಮೇಲೆ ನಮ್ಮ ಮನೆಯಲ್ಲಿ ಮಾತೇ ಕಡಿಮೆಯಾಯಿತು. ಬಲಗೈ, ಬಲಗಾಲು ಸೋತಿದ್ದವು, ನಾಲಿಗೆಯೂ ಸೋತಿತ್ತು. "ನೀರು", "ಚಾ", "ಸಾಕು". ದಿನವಿಡೀ ಇಷ್ಟೇ. ಪವಾಯಿಯ ಕಾಲೇಜೊಂದರ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದ ಮನುಷ್ಯ, ಊಟಕ್ಕೆ ಕೂತರೆ ಗ್ರಹ ನಕ್ಷತ್ರ ಎಂದು ಮಾತಾಡುತ್ತಲೇ ಸಾರು ತಣಿಸಿಕೊಳ್ಳುತ್ತಿದ್ದವರು. ಈಗ ಮಾತಿನ ವ್ಯಾಯಾಮ ಮಾಡಿಸಲು ಬರುವ ಹುಡುಗಿ ಬಾಳೆಹಣ್ಣಿನ ಚಿತ್ರ ತೋರಿಸಿ, "ಅಂಕಲ್, ಯೇ ಕ್ಯಾ ಹೈ?" ಎಂದರೆ ಮುಖವನ್ನು ಗೋಡೆಗೆ ತಿರುಗಿಸಿಬಿಡುತ್ತಿದ್ದರು.

ನಾನು ಬೆಳಿಗ್ಗೆ ಎದ್ದು ಅಡಿಗೆ, ಅವರ ಸ್ನಾನ, ಮಾತ್ರೆ ಎಲ್ಲ ಮುಗಿಸಿ, ಹಗಲು ಅವರನ್ನು ನೋಡಿಕೊಳ್ಳುವ ಕೆಲಸದ ಬಾಯಿ ಬಂದ ಮೇಲೆ ದಾದರಿನ ಆಫೀಸಿಗೆ ಓಡುತ್ತಿದ್ದೆ. ಸಂಜೆ ಬಸ್ಸಿನಲ್ಲಿ ನಿಂತೇ ವಡಾಲಕ್ಕೆ ವಾಪಸು. ಮೆಟ್ಟಿಲ ಬುಡದಲ್ಲಿ ಒಮ್ಮೊಮ್ಮೆ ಸುಮ್ಮನೆ ಕೂತುಬಿಡುತ್ತಿದ್ದೆ. ಮನೆಗೆ ಹೋಗಬೇಕು ಎಂದು ಗೊತ್ತು, ಕಾಲು ಏಳುತ್ತಿರಲಿಲ್ಲ.

ಒಂದು ಸಂಜೆ ಮನೆಗೆ ಬಂದಾಗ ಅವರು ಎಡಗೈಯಿಂದ ಕಪಾಟಿನ ಮೇಲೆ ತೋರಿಸಿದರು. ಅಲ್ಲಿ ಅವರ ಟೆಲಿಸ್ಕೋಪು ಇತ್ತು. ತಿಂಗಳುಗಟ್ಟಲೆ ಗಾಜು ಉಜ್ಜಿ ತಾವೇ ಕನ್ನಡಿ ಮಾಡಿ, ದಪ್ಪ ಪೈಪಿನೊಳಗೆ ಕೂರಿಸಿದ್ದು.

"ಗುರು," ಎಂದರು.

"ನೀವು ಟೆರೇಸು ಹತ್ತುವುದು ಹೇಗೆ ಮಾರಾಯ್ರೆ?" ಎಂದೆ.

ಅವರು ನನ್ನತ್ತ ಬೆರಳು ಮಾಡಿದರು. "ನೀನು."

ನನಗೆ ಅಳು ಬರುವಷ್ಟು ಸಿಟ್ಟು ಬಂತು. ಕುಕ್ಕರ್ ಇಟ್ಟಿರಲಿಲ್ಲ, ಬಟ್ಟೆ ನೆನೆದು ಬಿದ್ದಿತ್ತು. ಆದರೆ ಎಷ್ಟೋ ದಿನಗಳ ನಂತರ ಅವರು ಏನನ್ನಾದರೂ ಕೇಳಿದ್ದರು. ಪೈಪನ್ನು ಮಗುವಿನ ಹಾಗೆ ತೋಳಲ್ಲಿ ಹೊತ್ತು ಹತ್ತಿದೆ. ಬಂದರಿನ ಕಡೆಯ ದೀಪಗಳಿಂದ ಆಕಾಶ ಕೆಂಚು ಬಣ್ಣಕ್ಕಿತ್ತು, ನಕ್ಷತ್ರಗಳು ಅಲ್ಲೊಂದು ಇಲ್ಲೊಂದು. ಗುರು ಮಾತ್ರ ನೀರಿನ ಟಾಂಕಿಯ ಮೇಲೆ ಗಟ್ಟಿಯಾಗಿ ಹೊಳೆಯುತ್ತಿತ್ತು. ಅದನ್ನು ಕನ್ನಡಿಯೊಳಗೆ ಹಿಡಿಯುವಷ್ಟರಲ್ಲಿ ಕುತ್ತಿಗೆ ನೋಯತೊಡಗಿತು. ಕೊನೆಗೂ ಕಂಡಿತು. ಒಂದು ಚಿಕ್ಕ ಬಿಳಿ ಬಿಲ್ಲೆ, ಅದರ ಆಚೀಚೆ ಒಂದೇ ಗೆರೆಯಲ್ಲಿ ಚುಕ್ಕೆಗಳು.

ಕೆಳಗೆ ಬಂದೆ. "ಎಂತ?" ಎಂದರು.

"ಕಂಡಿತು. ಮೂರು ಚಂದ್ರ ಇದ್ದವು."

ಅವರು ಅಲ್ಲ ಎಂದು ತಲೆ ಅಲ್ಲಾಡಿಸಿದರು. ಆಮೇಲೆ, ಒಂದೊಂದೇ ಶಬ್ದವನ್ನು ಬಾವಿಯಿಂದ ಸೇದಿದ ಹಾಗೆ ಹೇಳಿದರು: "ನಾಲ್ಕು... ಉಂಟು. ಒಂದು... ಹಿಂದೆ... ಅಡಗಿದೆ. ನಾಳೆ... ಬರ್ತದೆ."

ನಾನು ಅಡಿಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟೆ. ಅವರಿಗೆ ಹೀಗಾದ ಮೇಲೆ ಬಂದ ಮೊದಲ ಪೂರ್ತಿ ಮಾತು ಅದು.

ಮಾರನೆಯ ದಿನ ನಾಲ್ಕೂ ಕಂಡವು. ಅಲ್ಲಿಂದ ಸಂಜೆ ಸಂಜೆ ಹತ್ತುವುದೇ ಆಯಿತು. ನಕ್ಷತ್ರದ ಮೇಲೆ ನನಗೇನೂ ಪ್ರೀತಿ ಹುಟ್ಟಲಿಲ್ಲ, ಸುಳ್ಳೇಕೆ ಹೇಳಲಿ. ಮೇಲಿಂದ ನಾನೇನಾದರೂ ಸುದ್ದಿ ತಂದರೆ ಅವರು ಬಾಯಿ ಬಿಡುತ್ತಿದ್ದರು, ಅಷ್ಟಕ್ಕೇ ಹತ್ತುತ್ತಿದ್ದೆ. ಮೃಗಶಿರದ ಕೆಳಗೆ ಹೊಗೆಯ ಹಾಗೆ ಏನೋ ಇದೆ ಎಂದರೆ, "ಹೊಗೆ ಅಲ್ಲ... ಅಲ್ಲಿ ನಕ್ಷತ್ರ... ಹುಟ್ತದೆ" ಎನ್ನುತ್ತಿದ್ದರು. ವ್ಯಾಯಾಮದ ಹುಡುಗಿ ಬಾಳೆಹಣ್ಣಿನ ಚಿತ್ರ ಬಿಟ್ಟು ಶನಿಯ ಉಂಗುರದ ಚಿತ್ರ ತಂದಳು.

ಬೇಸಿಗೆ ಬಂತು. ಕೆಲಸದ ಬಾಯಿ ಹುಷಾರಿಲ್ಲದೆ ವಾರವಿಡೀ ಬರಲಿಲ್ಲ. ಆಫೀಸಿನಲ್ಲಿ ರಜೆ ಸಿಗದೆ ಪಕ್ಕದ ಮನೆಯವರನ್ನು ಬೇಡಿಕೊಂಡು ಹೋಗಿ ಬರುತ್ತಿದ್ದೆ. ಒಂದು ಸಂಜೆ ಅವರು ಕಪಾಟಿನತ್ತ ನೋಡಿದಾಗ ನಾನು ಚಪ್ಪಲಿಯನ್ನೂ ಬಿಚ್ಚದೆ ಮಂಚದ ಪಕ್ಕದ ಕುರ್ಚಿಯಲ್ಲಿ ಕುಸಿದೆ. "ಇವತ್ತು ನನ್ನಿಂದ ಆಗುವುದಿಲ್ಲ. ಗುರುವೂ ಬೇಡ, ಯಾರೂ ಬೇಡ."

ಬೇಜಾರು ಮಾಡಿಕೊಳ್ಳುತ್ತಾರೆ ಎಂದುಕೊಂಡೆ. ಅವರು ಮಂಚದ ಅಂಚಿಗೆ ಸರಿದು ಹೇಳಿದರು: "ಕೂತಿರು. ಇವತ್ತು... ನಾನು ಹೇಳ್ತೇನೆ."

ಮದುವೆಗೆ ಮೊದಲು ಒಮ್ಮೆ ಗೆಳೆಯರ ಜೊತೆ ಘಾಟಿನ ಕಡೆ ಹೋಗಿ, ದೀಪವಿಲ್ಲದ ಬಯಲಲ್ಲಿ ಇನ್ನೊಂದು ಗೆಲಾಕ್ಸಿಯನ್ನು ಬರಿಗಣ್ಣಲ್ಲೇ ಕಂಡದ್ದನ್ನು ಹೇಳತೊಡಗಿದರು. ಬೆರಳಿಂದ ಒರೆಸಿದ ಸುಣ್ಣದ ಹಾಗಿತ್ತಂತೆ. ಆ ಬೆಳಕು ಅಲ್ಲಿಂದ ಹೊರಟಾಗ ಭೂಮಿಯ ಮೇಲೆ ಮನುಷ್ಯನೇ ಇರಲಿಲ್ಲವಂತೆ. ಒಂದು ವಾಕ್ಯಕ್ಕೂ ಇನ್ನೊಂದಕ್ಕೂ ನಡುವೆ ಎಷ್ಟು ಹೊತ್ತು ಹಿಡಿಯುತ್ತಿತ್ತೆಂದರೆ, ಕಾಯುತ್ತ ಕಾಯುತ್ತ ನಾನು ನಿದ್ದೆ ಹೋದೆ.

ಎಚ್ಚರವಾದಾಗ ನನ್ನ ಕಾಲ ಮೇಲೆ ಅವರ ಹೊದಿಕೆ ಇತ್ತು. ಒಂದೇ ಕೈಯಲ್ಲಿ ಎಳೆದು ಹೊದಿಸಿದ್ದರಿಂದ ಅರ್ಧ ನೆಲದ ಮೇಲೆ ಬಿದ್ದಿತ್ತು. ಅವರು ಇನ್ನೂ ಮೆಲ್ಲಗೆ ಹೇಳುತ್ತಲೇ ಇದ್ದರು.

"ನಾನು ನಿದ್ದೆ ಮಾಡಿದೆ," ಎಂದೆ.

"ಗೊತ್ತು," ಎಂದರು. "ಮಲಗು."